ಕಾಫಿ ತೋಟದ ನಡುವೆ ಬೆರಳುದ್ದದ ಕಡಲ ಮೀನು

ಗೋಬಿ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಸಂಜೆಯ ಹೊತ್ತು ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯಲ್ಲಿ ಕೆಂಪಗೆ ಹೊರಳಾಡುವ ಮಂಚೂರಿ. ಆ ಗೋಬಿ ಹಿಂದಿಯವರ ಹೂಕೋಸು. ಇಲ್ಲಿ ಹೇಳಹೊರಟಿರುವುದು ಬೇರೆಯೇ ಗೋಬಿ. ಇದು ಲ್ಯಾಟಿನ್ ಭಾಷೆಯ 'ಗೋಬಿಯಸ್' ಎಂಬ ಶಬ್ದದಿಂದ ಬಂದ ಮೀನಿನ ಹೆಸರು. ಕೈಬೆರಳಿನಷ್ಟು ಉದ್ದ, ತಲೆಯ ನೆತ್ತಿಗೆ ಅಂಟಿಸಿದಂತಿರುವ ಎರಡು ಗುಂಡು ಕಣ್ಣು, ಸದಾ ಏನನ್ನೋ ಯೋಚಿಸುತ್ತಿರುವಂಥ ಮುಖ. ಹವಳದ ದಿಬ್ಬಗಳಲ್ಲಿ ವಾಸಿಸುವ ಈ ಪುಟ್ಟ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಹವ್ಯಾಸ ಪರದೇಶಗಳಲ್ಲಿ ಬಹಳ ಹಿಂದಿನದು. ಈಗ ನಮ್ಮ ನಗರಗಳಿಗೂ ಬಂದಿದೆ, ಟಿ.ವಿ. ಮತ್ತು ಮೊಬೈಲ್ ಪರದೆಯ ಮೂಲಕ ಹಳ್ಳಿಯ ಮಕ್ಕಳ ಕಣ್ಣಿಗೂ ಬಿದ್ದಿದೆ.

ದಕ್ಷಿಣ ಕೊಡಗಿನ ಅಮ್ಮತ್ತಿಯಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸುತ್ತ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮನೆ ಮುಂದೆ ಕಾಫಿ ಒಣಗಿಸುವ ಕಣ. ಎಂಟನೇ ತರಗತಿಯ ಹುಡುಗ ಪರೀಕ್ಷೆ ಮುಗಿದೊಡನೆ ಒಂದು ಬೇಡಿಕೆ ಇಡುತ್ತಾನೆ: "ಅಪ್ಪ, ನನಗೆ ಸಮುದ್ರದ ಮೀನಿನ ತೊಟ್ಟಿ ಬೇಕು." ಕಡಲಿರುವುದು ಘಟ್ಟದ ಕೆಳಗೆ. ಮಾಕುಟ್ಟದ ಕಾಡು ಇಳಿದು ಕೇರಳದ ಕಣ್ಣೂರಿಗೆ ಹೋಗಬೇಕು, ಇಲ್ಲವೇ ಮಡಿಕೇರಿ, ಸಂಪಾಜೆ, ಸುಳ್ಯ ದಾಟಿ ಮಂಗಳೂರಿಗೆ. ಅಲ್ಲಿನ ನೀರು, ಅಲ್ಲಿನ ಜೀವಿ, ಈ ಬೆಟ್ಟದ ಮೇಲೆ ಬದುಕೀತೇ? ದುಡ್ಡು ಎಷ್ಟು? ಅದಕ್ಕಿಂತ ಮುಖ್ಯವಾಗಿ, ಹೀಗೆ ಸಾಕುವುದು ಸರಿಯೇ? ತಂದೆತಾಯಿ 'ಹೂಂ' ಎನ್ನುವ ಮುನ್ನವೂ 'ಉಹೂಂ' ಎನ್ನುವ ಮುನ್ನವೂ ತಿಳಿದಿರಬೇಕಾದ ಸಂಗತಿಗಳು ಹಲವಿವೆ.

ಈಜಲು ಸೋಮಾರಿಯಾದ ಮೀನು

ಗೋಬಿ ಎಂಬುದು ಒಂದು ಮೀನಲ್ಲ, ಒಂದು ದೊಡ್ಡ ಮನೆತನ. ಇದರಲ್ಲಿ ಸುಮಾರು ಎರಡು ಸಾವಿರ ಪ್ರಭೇದಗಳಿವೆ. ಮೀನುಗಳ ಕುಟುಂಬಗಳಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು ಇದು. ಹೆಚ್ಚಿನವು ಹತ್ತು ಸೆಂ.ಮೀ. ಮೀರುವುದಿಲ್ಲ. ಹಿಂದೂ ಮಹಾಸಾಗರದ ಟ್ರಿಮ್ಮಾಟೊಮ್ ನ್ಯಾನಸ್ ಎಂಬ ಗೋಬಿ ಪೂರ್ತಿ ಬೆಳೆದರೂ ಸುಮಾರು ಒಂದು ಸೆಂ.ಮೀ.ನಷ್ಟೇ ಇರುತ್ತದೆ. ಅಂದರೆ ಅಂಗಿಯ ಗುಂಡಿಯ ಅಡ್ಡಳತೆ! ಅಷ್ಟರೊಳಗೇ ಬೆನ್ನೆಲುಬು, ಮೆದುಳು, ಹೃದಯ, ಮೊಟ್ಟೆ ಎಲ್ಲ ಹಿಡಿಸಿರಬೇಕು.

ಗೋಬಿಯನ್ನು ಗುರುತಿಸುವುದಕ್ಕೆ ಒಂದು ಸುಲಭದ ದಾರಿ ಅದರ ಹೊಟ್ಟೆಯ ಕೆಳಗಿದೆ. ಬೇರೆ ಮೀನುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಹೊಟ್ಟೆಯ ರೆಕ್ಕೆಗಳು ಇದರಲ್ಲಿ ಒಂದಕ್ಕೊಂದು ಕೂಡಿ ಪುಟ್ಟ ಬಟ್ಟಲಿನಂತಾಗಿವೆ. ಅಲೆ ಬಡಿಯುವಾಗ ಕಲ್ಲನ್ನು ಕಚ್ಚಿ ಹಿಡಿಯಲು ಈ ಬಟ್ಟಲು ಹೀರುಗೊಳವೆಯ ಹಾಗೆ ಕೆಲಸ ಮಾಡುತ್ತದೆ. ನೀರಿನ ನಡುವೆ ತೇಲಲು ಮೀನುಗಳಿಗೆ ನೆರವಾಗುವ ಗಾಳಿಚೀಲ ಅನೇಕ ಗೋಬಿಗಳಲ್ಲಿ ಇಲ್ಲ, ಇದ್ದರೂ ಕಿರಿದಾಗಿರುತ್ತದೆ. ಹಾಗಾಗಿ ಅವು ಈಜುವುದಕ್ಕಿಂತ ಕೂರುವುದೇ ಹೆಚ್ಚು. ಮುಂಗೈ ಊರಿ ಕುಳಿತ ಅಜ್ಜನ ಹಾಗೆ ಮರಳಿನ ಮೇಲೆ ಕುಳಿತು, ಆಗಾಗ ಅಲ್ಲಿಂದಿಲ್ಲಿಗೆ ಒಂದು ನೆಗೆತ. ಮತ್ತೆ ವಿಶ್ರಾಂತಿ.

ಸಮುದ್ರವೇ ಇಲ್ಲದ ಕೊಡಗಿಗೂ ಗೋಬಿಗೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಕಾವೇರಿಯ ಹರಿವಿನಲ್ಲಿ, ಕೃಷ್ಣರಾಜಸಾಗರದಂಥ ಜಲಾಶಯಗಳಲ್ಲಿ, ಬಯಲುನಾಡಿನ ಕೆರೆಗಳಲ್ಲಿ ಸಿಗುವ ಗ್ಲಾಸೊಗೋಬಿಯಸ್ ಗಿಯುರಿಸ್ ಅಪ್ಪಟ ಗೋಬಿ. ಇದು ಸಿಹಿನೀರಿನಲ್ಲೂ ಅಳಿವೆಯ ಸವುಳು ನೀರಿನಲ್ಲೂ ಬದುಕಬಲ್ಲದು. ಮಣ್ಣಿನ ಬಣ್ಣ, ಮೈಮೇಲೆ ಕಂದು ಮಚ್ಚೆ, ಮೇಲ್ದವಡೆಗಿಂತ ಮುಂದಕ್ಕೆ ಚಾಚಿದ ಕೆಳದವಡೆ. ಗೋಬಿಗಳಲ್ಲಿ ಇದು ದೈತ್ಯ, ಮೂವತ್ತು ಸೆಂ.ಮೀ. ತನಕ ಬೆಳೆಯುವುದುಂಟು. ಇದಕ್ಕೆ ವೈಜ್ಞಾನಿಕ ಹೆಸರಿಟ್ಟು 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನದ ಬಳಿಕ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬೆಳೆ, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ಬುಕನನ್ ಇವನೇ. ನಮ್ಮ ಇತಿಹಾಸ ಪುಸ್ತಕದ ಬುಕನನ್ ಮತ್ತು ಮೀನುಶಾಸ್ತ್ರದ ಹ್ಯಾಮಿಲ್ಟನ್ ಒಬ್ಬನೇ ವ್ಯಕ್ತಿಯೆಂಬುದು ಎಷ್ಟೋ ಮಂದಿಗೆ ತಿಳಿಯದು.

ಘಟ್ಟದ ಪಶ್ಚಿಮಕ್ಕೆ ಇಳಿಯುವ ಹೊಳೆಗಳಲ್ಲಿ ಇನ್ನೊಂದು ಗೋಬಿ ಇದೆ, ಸಿಸಿಯೋಪ್ಟೆರಸ್ ಗ್ರಿಸಿಯಸ್. ಈ ಬಳಗದ ಮೀನುಗಳ ಬದುಕು ವಿಚಿತ್ರ. ಮೊಟ್ಟೆ ಒಡೆಯುವುದು ಹೊಳೆಯಲ್ಲಿ. ಮರಿ ಹೊಳೆಯ ಜೊತೆ ಕಡಲಿಗೆ ಕೊಚ್ಚಿಹೋಗಿ ಅಲ್ಲಿ ಸ್ವಲ್ಪ ಕಾಲ ಬೆಳೆದು, ಮತ್ತೆ ಹೊಳೆಯ ಬಾಯಿ ಹುಡುಕಿ, ಬಂಡೆ ಹಿಡಿದು ಮೇಲಕ್ಕೇರುತ್ತದೆ. ಹವಾಯಿ ದ್ವೀಪದಲ್ಲಿ ಇದರ ಸೋದರ ಪ್ರಭೇದವೊಂದು ಹೊಟ್ಟೆಯ ಬಟ್ಟಲನ್ನೂ ಬಾಯಿಯನ್ನೂ ಸರದಿಯಂತೆ ಬಂಡೆಗೆ ಒತ್ತಿ ಜಲಪಾತವನ್ನೇ ಹತ್ತುತ್ತದೆ. ಹೊಳೆಗೆ ಅಡ್ಡಲಾಗಿ ಒಂದು ಎತ್ತರದ ಒಡ್ಡು ಎದ್ದರೆ ಇಂಥ ಮೀನಿನ ಕಥೆ ಏನಾಗಬಹುದೆಂದು ವಿದ್ಯಾರ್ಥಿಗಳೇ ಯೋಚಿಸಬಹುದು.

ಕುರುಡನ ಕೈ ಹಿಡಿದ ಕಾವಲುಗಾರ

ಹವಳದ ದಿಬ್ಬದ ಗೋಬಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಸಿಗಡಿಯೊಡನೆ ಸಂಸಾರ ಹೂಡುವ ಗೋಬಿ. ಈ ಸಹಜೀವನವನ್ನು 1950ರ ದಶಕದಿಂದ ಕೆಂಪು ಸಮುದ್ರದಲ್ಲಿಯೂ ಬೇರೆಡೆಯೂ ವಿಜ್ಞಾನಿಗಳು ನೋಡುತ್ತ ಬಂದಿದ್ದಾರೆ. ಸಿಗಡಿ ಆಲ್ಫಿಯಸ್ ಎಂಬ ಜಾತಿಯದು. ಮರಳಿನಲ್ಲಿ ಬಿಲ ತೋಡುವುದರಲ್ಲಿ ಇದು ಎತ್ತಿದ ಕೈ, ಆದರೆ ಕಣ್ಣು ಮಂದ. ಗೋಬಿಗೆ ಕಣ್ಣು ಚುರುಕು, ಆದರೆ ಬಿಲ ತೋಡಲು ಬಾರದು. ಇಬ್ಬರೂ ಒಂದೇ ಬಿಲದಲ್ಲಿ ವಾಸ.

ಬೆಳಗಾದೊಡನೆ ಗೋಬಿ ಮೊದಲು ಹೊರಬಂದು ಬಾಗಿಲಲ್ಲಿ ಕೂರುತ್ತದೆ. ಬಳಿಕ ಸಿಗಡಿ ಮರಳನ್ನು ಬುಲ್ಡೋಜರ್‌ನಂತೆ ಹೊರಗೆ ತಳ್ಳುತ್ತ ಬರುತ್ತದೆ. ಹಾಗೆ ಬರುವಾಗ ಅದರ ಒಂದು ಉದ್ದ ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಕುರುಡ ಜೊತೆಗಾರನ ಹೆಗಲ ಮೇಲೆ ಕೈಯಿಟ್ಟು ನಡೆದ ಹಾಗೆ. ದೂರದಲ್ಲಿ ಬೇಟೆಯ ಮೀನು ಕಂಡರೆ ಗೋಬಿ ಬಾಲವನ್ನು ಕ್ಷಿಪ್ರವಾಗಿ ಅದುರಿಸುತ್ತದೆ. ಮೀಸೆಗೆ ಆ ಅದುರು ತಾಗಿದ ತಕ್ಷಣ ಸಿಗಡಿ ಒಳಗೆ. ಅಪಾಯ ತೀರ ಹತ್ತಿರವಾದರೆ ಗೋಬಿಯೇ ತಲೆಕೆಳಗಾಗಿ ಬಿಲಕ್ಕೆ ಧುಮುಕುತ್ತದೆ. ಗೋಬಿ ಬಾಗಿಲಲ್ಲಿ ಇಲ್ಲದಿದ್ದರೆ ಸಿಗಡಿ ಹೊರಗೆ ಕಾಲಿಡುವುದೇ ಅಪರೂಪ. ಮಾತಿಲ್ಲ, ಸದ್ದಿಲ್ಲ, ಇಬ್ಬರ ನಡುವಿನ ತಂತಿ ಒಂದು ಮೀಸೆ.

ಈ ಸಿಗಡಿಯನ್ನು ಬಡಪಾಯಿ ಎಂದು ತಿಳಿಯುವುದೂ ತಪ್ಪು. ಇದಕ್ಕೆ ಒಂದು ಕೊಂಡಿ ದೊಡ್ಡದು. ಅದನ್ನು ಪಟ್ಟನೆ ಮುಚ್ಚಿದರೆ ನೀರು ಚಿಮ್ಮಿ, ಅದರ ಹಿಂದೆ ಒಂದು ಗುಳ್ಳೆ ಹುಟ್ಟಿ, ಮರುಕ್ಷಣ ಕುಸಿಯುತ್ತದೆ. ತೊಟ್ಟಿಯ ಹೊರಗಿನವರಿಗೂ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಆ ಗುಳ್ಳೆ ಕುಸಿಯುವ ಕ್ಷಣದಲ್ಲಿ ಒಳಗಿನ ಉಷ್ಣತೆ ಕೆಲವು ಸಾವಿರ ಡಿಗ್ರಿಗೆ ಏರಿ ಕಣ್ಣಿಗೆ ಕಾಣದಷ್ಟು ಕ್ಷೀಣ ಬೆಳಕು ಹೊರಡುತ್ತದೆ ಎಂದು 2001ರಲ್ಲಿ ಭೌತವಿಜ್ಞಾನಿಗಳು ತೋರಿಸಿದರು. ಬೆರಳಿಗಿಂತ ಚಿಕ್ಕ ಪ್ರಾಣಿಯ ಕೊಂಡಿಯ ಮುಂದೆ ಬೆಂಕಿಯಂಥ ಬಿಸಿ!

ಹವಳದ ಕೊಂಬೆಗಳ ನಡುವೆಯೇ ಬಾಳುವ ಗೋಬಿಯೋಡನ್ ಎಂಬ ಇನ್ನೊಂದು ಗುಂಪಿದೆ. ಹಳದಿ, ಹಸಿರು, ಕಂದು ಬಣ್ಣದ ಈ ಮೀನುಗಳಿಗೆ ಪೊರೆಯಿಲ್ಲ. ಮೈತುಂಬ ಲೋಳೆ, ಆ ಲೋಳೆ ಕಹಿ ವಿಷ. ಹವಳ ಇವಕ್ಕೆ ಮನೆ ಕೊಡುತ್ತದೆ. ಬಾಡಿಗೆಗೆ ಪ್ರತಿಯಾಗಿ ಇವು ಏನು ಕೊಡುತ್ತವೆ? ಫಿಜಿ ದ್ವೀಪದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ಡೇನಿಯೆಲ್ ಡಿಕ್ಸನ್ ಮತ್ತು ಮಾರ್ಕ್ ಹೇ 2012ರಲ್ಲಿ ಪ್ರಕಟಿಸಿದರು. ಹವಳಕ್ಕೆ ಒಂದು ಬಗೆಯ ವಿಷಪಾಚಿ ತಾಗಿದಾಗ ಹವಳ ನೀರಿಗೆ ಒಂದು ವಾಸನೆಯನ್ನು ಬಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಗೋಬಿಗಳು ಅಲ್ಲಿಗೆ ಓಡಿಬಂದು ಪಾಚಿಯನ್ನು ಕತ್ತರಿಸತೊಡಗುತ್ತವೆ. ಒಂದು ಪ್ರಭೇದವಂತೂ ಆ ಪಾಚಿಯನ್ನು ತಿಂದೇಬಿಡುತ್ತದೆ, ತಿಂದ ಮೇಲೆ ಅದರ ಲೋಳೆಯ ವಿಷ ಇನ್ನಷ್ಟು ತೀಕ್ಷ್ಣವಾಗುತ್ತದೆ. ತೋಟದ ಕಳೆ ಕೀಳುವ ಆಳೇ ಆ ಕಳೆಯಿಂದ ಮದ್ದು ಮಾಡಿಕೊಂಡ ಹಾಗಾಯಿತು.

ಈ ಗೋಬಿಯೋಡನ್‌ಗಳಲ್ಲಿ ಹೆಣ್ಣು ಗಂಡಾಗಬಲ್ಲದು, ಗಂಡು ಮರಳಿ ಹೆಣ್ಣೂ ಆಗಬಲ್ಲದು. ಇದು ತಮಾಷೆಯಲ್ಲ, ಲೆಕ್ಕಾಚಾರ. ಒಂದು ಹವಳದಿಂದ ಇನ್ನೊಂದಕ್ಕೆ ಈಜುವ ದಾರಿಯಲ್ಲಿ ಬಾಯಿ ತೆರೆದು ಕಾಯುವವರು ಬಹಳ. ಸಂಗಾತಿಯನ್ನು ಹುಡುಕಿ ಅಲೆಯುವುದಕ್ಕಿಂತ, ಸಿಕ್ಕ ಸಂಗಾತಿಗೆ ತಕ್ಕಂತೆ ತಾನೇ ಬದಲಾಗುವುದು ಕ್ಷೇಮ. ಇಳಿತದಲ್ಲಿ ಹವಳ ನೀರಿನಿಂದ ಮೇಲೆದ್ದು ನಿಂತರೂ ಇವು ಕೊಂಬೆಗಳ ನಡುವಿನ ತೇವದಲ್ಲಿ ಗಾಳಿ ಉಸಿರಾಡುತ್ತ ಕೆಲವು ಗಂಟೆ ತಡೆದುಕೊಳ್ಳುತ್ತವೆ.

ಆಯುಸ್ಸಿನ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ಹವಳ ದಿಬ್ಬದ ಇವಿಯೋಟ ಸಿಗಿಲ್ಲಾಟ ಎಂಬ ಗೋಬಿ ಬದುಕುವುದು ಹೆಚ್ಚೆಂದರೆ 59 ದಿನ. 2005ರಲ್ಲಿ ಪ್ರಕಟವಾದ ಈ ಲೆಕ್ಕ ಸಿಕ್ಕಿದ್ದು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಿಂದ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುವಂತೆ ಆ ಕಲ್ಲಿನಲ್ಲಿ ದಿನಕ್ಕೊಂದು ಉಂಗುರ ಮೂಡುತ್ತದೆ. ಸುಮಾರು ಮೂರು ವಾರ ತೆರೆದ ಕಡಲಲ್ಲಿ ಮರಿಯಾಗಿ, ಆಮೇಲೆ ದಿಬ್ಬಕ್ಕೆ ಬಂದು ಬೆಳೆದು, ಉಳಿದ ಮೂರೂವರೆ ವಾರದಲ್ಲಿ ಸಂಸಾರ ಮುಗಿಸಿ ಹೊರಡಬೇಕು. ಒಂದು ಶಾಲೆಯ ಬೇಸಿಗೆ ರಜೆಯಷ್ಟು ಆಯುಸ್ಸು. ಇಷ್ಟು ಬೇಗ ಹುಟ್ಟಿ ಇಷ್ಟು ಬೇಗ ಸಾಯುವುದರಿಂದಲೇ ಇವು ದಿಬ್ಬದ ಅನ್ನದಾತರು. ಹವಳದ ದಿಬ್ಬದಲ್ಲಿ ಬೇರೆ ಪ್ರಾಣಿಗಳು ತಿನ್ನುವ ಮೀನಿನ ಮಾಂಸದಲ್ಲಿ ಸುಮಾರು ಶೇಕಡ 60ರಷ್ಟು ಗೋಬಿಯಂಥ ಈ ಸಣ್ಣ, ಮರೆಯಲ್ಲಿರುವ ಮೀನುಗಳಿಂದಲೇ ಬರುತ್ತದೆ ಎಂದು 2019ರ ಅಧ್ಯಯನವೊಂದು ಅಂದಾಜು ಮಾಡಿದೆ.

ಮೊದಲು ಕಾನೂನು

ಇಷ್ಟು ಓದಿದ ಹುಡುಗ ತೊಟ್ಟಿಯ ಆಸೆಯನ್ನು ಬಿಡುವುದಿಲ್ಲ, ಇನ್ನಷ್ಟು ಹಿಡಿದುಕೊಳ್ಳುತ್ತಾನೆ. ಆದ್ದರಿಂದ ಮೊದಲು ಕಾನೂನಿನ ಮಾತು. 2001ರಲ್ಲಿ ಕೇಂದ್ರ ಸರಕಾರ ದಿಬ್ಬ ಕಟ್ಟುವ ಹವಳಗಳನ್ನೂ ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪರಿಶಿಷ್ಟಕ್ಕೆ ಸೇರಿಸಿತು. ಕಡಲ ಕುದುರೆಯೂ ಅದರಲ್ಲಿದೆ. ಅಂದರೆ ಹುಲಿ ಮತ್ತು ಆನೆಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಬದುಕಿರಲಿ ಸತ್ತಿರಲಿ, ನಮ್ಮ ಕಡಲಿನಿಂದ ಹವಳ ಕೀಳುವುದೂ ಮಾರುವುದೂ ಅಪರಾಧ, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ನಾಗರಹೊಳೆಯ ಅಂಚಿನ ಜನಕ್ಕೆ ಈ ಕಾಯಿದೆಯ ಬಿಸಿ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಕಾಯಿದೆ ಗಾಜಿನ ತೊಟ್ಟಿಯೊಳಗೂ ಅನ್ವಯಿಸುತ್ತದೆಂದು ಎಷ್ಟೋ ಪೋಷಕರು ಯೋಚಿಸಿರುವುದಿಲ್ಲ.

ಆದ್ದರಿಂದ 'ರೀಫ್ ಅಕ್ವೇರಿಯಂ' ಎಂಬ ಹೆಸರಿನಲ್ಲಿ ಯಾರಾದರೂ ಜೀವಂತ ಹವಳವನ್ನೋ ಕಡಲಿನಿಂದ ಕಿತ್ತ ಹವಳಗಲ್ಲನ್ನೋ ತಂದುಕೊಡುತ್ತೇವೆಂದರೆ ಬೇಡವೆನ್ನಬೇಕು. ಸಂತೋಷದ ಸಂಗತಿಯೆಂದರೆ ಗೋಬಿಗೆ ಹವಳವೇ ಬೇಕೆಂದಿಲ್ಲ. ಸುಟ್ಟ ಮಣ್ಣಿನ ಕೃತಕ ಬಂಡೆ, ಮಡಕೆಯ ಚೂರು, ದಪ್ಪ ಪದರದ ಮರಳು ಇಷ್ಟಿದ್ದರೆ ಸಿಗಡಿ ಗೋಬಿಗೆ ಅರಮನೆ. ಹವಳವಿಲ್ಲದಿದ್ದರೆ ಖರ್ಚೂ ಅರ್ಧಕ್ಕಿಳಿಯುತ್ತದೆ. ಏಕೆಂದರೆ ಹವಳದ ಮೈಯೊಳಗೆ ಪಾಚಿಯಿದ್ದು ಅದಕ್ಕೆ ಬಿಸಿಲಿನಷ್ಟು ಪ್ರಖರವಾದ ವಿಶೇಷ ದೀಪ ಬೇಕಾಗುತ್ತದೆ. ಗೋಬಿಗೆ ಒಂದು ಸಾಮಾನ್ಯ ಎಲ್.ಇ.ಡಿ. ದೀಪ ಸಾಕು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗೋಬಿಗಳು ಆ ಪರಿಶಿಷ್ಟದಲ್ಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಮೀನು ಎಲ್ಲಿಂದ ಬಂತು? ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದವು. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಸೋಡಿಯಂ ಸಯನೈಡ್ ದ್ರಾವಣವನ್ನು ಹವಳದ ಸಂದಿಗೆ ಚಿಮುಕಿಸಿ, ಮೂರ್ಛೆ ಬಿದ್ದ ಮೀನನ್ನು ಹೆಕ್ಕುವ ಪದ್ಧತಿ ಬೆಳೆಯಿತು. ಮೀನು ಅಂಗಡಿಯ ತನಕ ಬದುಕಿ ಮನೆಯಲ್ಲಿ ಸಾಯುತ್ತದೆ, ಹವಳ ಅಲ್ಲೇ ಸಾಯುತ್ತದೆ. ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಪಡೆಯುವುದು ಇದಕ್ಕೆ ಪರಿಹಾರ. ಕೆರಿಬಿಯನ್ ಕಡಲಿನ ನೀಲಿಪಟ್ಟೆಯ ನಿಯಾನ್ ಗೋಬಿ, ಮನುಷ್ಯನ ಸಾಕಣೆಯಲ್ಲಿ ಮೊಟ್ಟಮೊದಲು ಮರಿಮಾಡಿಸಿದ ಕಡಲ ಅಲಂಕಾರಿಕ ಮೀನುಗಳ ಪೈಕಿ ಒಂದು. ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಕ್ಷೌರಿಕ ಇದು. ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 'ನೀಮೊ' ಖ್ಯಾತಿಯ ಕೋಡಂಗಿ ಮೀನನ್ನು ಮರಿಮಾಡಿಸುವ ವಿಧಾನ ರೂಪಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರಿಗೆ ಅಲಂಕಾರಿಕ ಸಿಗಡಿ ಸಾಕುವ ತರಬೇತಿಯೂ ನಡೆದಿದೆ. ಗೋಬಿಯ ಮರಿ ಸಾಕುವುದು ಮಾತ್ರ ಸುಲಭವಲ್ಲ. ಮೊಟ್ಟೆಗಳನ್ನು ಗಂಡು ಮೀನೇ ಕಾದು, ರೆಕ್ಕೆ ಬೀಸಿ ಗಾಳಿಯಾಡಿಸುತ್ತದೆ. ಆದರೆ ಒಡೆದು ಬಂದ ಮರಿ ಕಣ್ಣೆವೆಯ ತುದಿಯಷ್ಟಿದ್ದು, ಅದರ ಬಾಯಿಗೆ ಹಿಡಿಸುವ ಆಹಾರವನ್ನು ಬೇರೆಯೇ ಬೆಳೆಸಬೇಕು.

ಉಪ್ಪಿನ ಲೆಕ್ಕ

ಇನ್ನು ತೊಟ್ಟಿ. 75 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ತೊಟ್ಟಿಯಲ್ಲಿ 120 ಲೀಟರ್ ಹಿಡಿಯುತ್ತದೆ. ಮೇಲೆ ಸ್ವಲ್ಪ ಜಾಗ ಬಿಟ್ಟು, ಮರಳು ಬಂಡೆಗಳ ಪಾಲು ಕಳೆದರೆ ನೀರು ನೂರು ಲೀಟರ್ ಎನ್ನಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹಾಗಾದರೆ ನೂರು ಲೀಟರಿಗೆ ಮೂರೂವರೆ ಕಿಲೋ. ಅಡುಗೆಮನೆಯ ಉಪ್ಪು ಇದಕ್ಕೆ ಆಗದು. ಸಮುದ್ರದ ಲವಣದಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್‌ಗಳು ನಿರ್ದಿಷ್ಟ ಪ್ರಮಾಣದಲ್ಲಿವೆ. ಅದಕ್ಕಾಗಿಯೇ ತಯಾರಿಸಿದ ಕಡಲುಪ್ಪಿನ ಮಿಶ್ರಣವನ್ನು ಬಳಸಬೇಕು. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇದೆಯೇ ಎಂದು ಜಲಮಾಪಕದಿಂದ ನೋಡಬೇಕು. ಪಾಠದಲ್ಲಿ ಓದಿದ ಆರ್ಕಿಮಿಡೀಸ್ ತತ್ವ ಇಲ್ಲಿ ಮನೆಗೇ ಬರುತ್ತದೆ.

ಬಹಳ ಮಂದಿ ಎಡವುವುದು ಆಮೇಲೆ. ನೀರು ಆವಿಯಾಗಿ ಐದು ಲೀಟರ್ ಕಡಿಮೆಯಾಯಿತು ಎನ್ನೋಣ. ಆವಿಯಾದದ್ದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿದೆ. ಇದನ್ನು ಮರೆತು ಉಪ್ಪುನೀರನ್ನೇ ಮತ್ತೆ ತುಂಬಿದರೆ ಪ್ರತಿಸಲವೂ 175 ಗ್ರಾಂ ಉಪ್ಪು ಹೆಚ್ಚುತ್ತದೆ. ಹತ್ತು ಸಲ ಹೀಗೆ ಮಾಡಿದರೆ ತೊಟ್ಟಿಯಲ್ಲಿ 3,500ರ ಬದಲು 5,250 ಗ್ರಾಂ. ಲೀಟರಿಗೆ 35 ಇದ್ದದ್ದು 52.5 ಆಗಿರುತ್ತದೆ. ಅಷ್ಟರಲ್ಲಿ ಮೀನು ಉಳಿದಿರುವುದಿಲ್ಲ. ಆವಿಯಾದ ಜಾಗಕ್ಕೆ ಯಾವಾಗಲೂ ಸಿಹಿನೀರು.

ಹೊಸ ನೀರಿಗೆ ಅದೇ ದಿನ ಮೀನು ಬಿಡುವುದು ಎರಡನೆಯ ತಪ್ಪು. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಆಗಿಸಿ, ಇನ್ನೊಂದು ಬಗೆಯದು ನೈಟ್ರೇಟ್ ಆಗಿಸುತ್ತದೆ. ಗದ್ದೆಯ ಮಣ್ಣಿನಲ್ಲಿ ನಡೆಯುವ ಸಾರಜನಕ ಚಕ್ರದ ಒಂದು ತುಂಡೇ ಇದು. ಈ ಬ್ಯಾಕ್ಟೀರಿಯಗಳು ಮರಳಿನಲ್ಲಿ, ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿ ಖಾಲಿ ಕಾಣುತ್ತದೆ, ನೆರೆಯವರು ನಗುತ್ತಾರೆ. ನಗಲಿ. ಕಡಲ ನೀರಿನಲ್ಲಿ ಈ ತಾಳ್ಮೆ ಇನ್ನೂ ಅಗತ್ಯ. ಅಮೋನಿಯದ ಎರಡು ರೂಪಗಳಲ್ಲಿ ವಿಷವಾಗಿರುವುದು ವಿದ್ಯುದಂಶವಿಲ್ಲದ ರೂಪ. ಪಿ.ಹೆಚ್. 7 ಇರುವ ಸಿಹಿನೀರಿಗೆ ಹೋಲಿಸಿದರೆ ಪಿ.ಹೆಚ್. 8.2 ಇರುವ ಕಡಲ ನೀರಿನಲ್ಲಿ ಅದರ ಪಾಲು ಹತ್ತು ಪಟ್ಟಿಗೂ ಹೆಚ್ಚು.

ಮೈಲುತುತ್ತದ ಬಕೆಟ್

ಅಮ್ಮತ್ತಿಯಂಥ ಊರಿನಲ್ಲಿ ಇನ್ನೊಂದು ಅಪಾಯವಿದೆ. ಪರದೇಶದ ಯಾವ ಅಕ್ವೇರಿಯಂ ಪುಸ್ತಕದ ಲೇಖಕನೂ ಅದನ್ನು ಊಹಿಸಿರಲಾರ. ಅದು ತೋಟದ ಬಕೆಟ್.

ಮಳೆಗೆ ಮುನ್ನ ಕಾಫಿಯ ಕೊಳೆರೋಗ ಮತ್ತು ಮೆಣಸಿನ ಸೊರಗು ರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಶೇಕಡ ಒಂದರ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 2,500 ಮಿಲಿಗ್ರಾಂ ತಾಮ್ರ. ಈಗ ಆ ಬಕೆಟ್ಟಿನ ತಳದಲ್ಲಿ ಎರಡು ಚಮಚೆಯಷ್ಟು, ಅಂದರೆ ಹತ್ತು ಮಿಲಿಲೀಟರ್ ದ್ರಾವಣ ಉಳಿದಿತ್ತೆಂದುಕೊಳ್ಳಿ. ಅದರಲ್ಲಿ 25 ಮಿಲಿಗ್ರಾಂ ತಾಮ್ರ. ಆ ಬಕೆಟ್ಟಿನಲ್ಲೇ ನೀರು ಹೊತ್ತು ತೊಟ್ಟಿ ತುಂಬಿದರೆ ನೂರು ಲೀಟರಿಗೆ 25 ಮಿಲಿಗ್ರಾಂ, ಅಂದರೆ ಲೀಟರಿಗೆ ಕಾಲು ಮಿಲಿಗ್ರಾಂ. ಮೀನಿನ ರೋಗಕ್ಕೆ ಔಷಧವಾಗಿ ತಾಮ್ರ ಬಳಸುವವರು ಲೀಟರಿಗೆ ಸುಮಾರು 0.2 ಮಿಲಿಗ್ರಾಂ ಮೀರದಂತೆ ಅಳೆದು ಹಾಕುತ್ತಾರೆ, ಅದೂ ಸಿಗಡಿಯಿಲ್ಲದ ಬೇರೆ ತೊಟ್ಟಿಯಲ್ಲಿ. ಸಿಗಡಿಗೆ ಅಷ್ಟೇ ಮೃತ್ಯು. ಸುಣ್ಣದೊಡನೆ ಗಟ್ಟಿಯಾದ ತಾಮ್ರವೆಲ್ಲ ಒಂದೇ ಸಲ ಕರಗುವುದಿಲ್ಲ, ನಿಜ. ಆದರೆ ಅದು ಮರಳಿನಲ್ಲಿ ಕೂತು ನಿಧಾನವಾಗಿ ಬಿಡುತ್ತ ಹೋಗುವುದು ಇನ್ನೂ ಕಷ್ಟ.

ಇದರಲ್ಲೊಂದು ವಿಪರ್ಯಾಸವಿದೆ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ನಮ್ಮ ಹಾಗೆ ಕಬ್ಬಿಣವಲ್ಲ, ತಾಮ್ರ. ಬದುಕಲು ತಾಮ್ರ ಬೇಕು, ಲವಲೇಶ ಹೆಚ್ಚಾದರೆ ಅದೇ ಕೊಲ್ಲುತ್ತದೆ. ಗೋಬಿ ಉಳಿದು ಸಿಗಡಿ ಸತ್ತ ತೊಟ್ಟಿಗಳಲ್ಲಿ ತಾಮ್ರದ ಗುಮಾನಿ ಮೊದಲು ಬರುವುದು ಇದರಿಂದಲೇ. ಆದ್ದರಿಂದ ತೊಟ್ಟಿಗೆಂದೇ ಹೊಸ ಬಕೆಟ್, ಹೊಸ ಮಗ್ಗು ಇಡಬೇಕು. ತಾಮ್ರದ ಹಂಡೆಯ ನೀರೂ ಬೇಡ. ಸಿಂಪರಣೆಯ ದಿನ ತೋಟದಿಂದ ಬಂದ ಕೈಯನ್ನು ತೊಳೆಯದೆ ತೊಟ್ಟಿಗೆ ಇಳಿಸಕೂಡದು, ಸೂರಿನ ನೀರು ಹಿಡಿಯುವವರು ಮೊದಲ ಮಳೆಗಳನ್ನು ಹರಿಯಲು ಬಿಡಬೇಕು.

ಎರಡನೆಯ ತೊಡಕು ಕರೆಂಟು. ಆಷಾಢದ ಗಾಳಿಗೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಒಂದು ದಿನ, ಎರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕತ್ತಲೆ. ತೊಟ್ಟಿಯ ಪಂಪು ನಿಂತರೆ ನೀರಿಗೆ ಆಮ್ಲಜನಕ ಬೆರೆಯುವುದು ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಕಡಲ ನೀರು 6.8ರಷ್ಟನ್ನು ಮಾತ್ರ. ಉಪ್ಪು ಕರಗಿದ ನೀರಿನಲ್ಲಿ ಅನಿಲಕ್ಕೆ ಜಾಗ ಕಡಿಮೆ. ಹೀಗಾಗಿ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಗಾಳಿ ಪಂಪು ಮನೆಯಲ್ಲಿರಲೇಬೇಕು. ಅದೂ ಕೈಕೊಟ್ಟರೆ ಗಂಟೆಗೊಮ್ಮೆ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಹೊಯ್ಯಬೇಕು. ರಾತ್ರಿಯಿಡೀ ಹೀಗೆ ಮಾಡಬಲ್ಲ ಹುಡುಗನಿದ್ದರೆ ಅವನಿಗೆ ತೊಟ್ಟಿ ಕೊಡಿಸಬಹುದು. ಕರೆಂಟಿಲ್ಲದ ದಿನ ಮೀನಿಗೆ ಊಟ ಹಾಕುವುದು ಬೇಡ. ತಿನ್ನದೆ ಎರಡು ದಿನ ಗೋಬಿ ತಡೆಯುತ್ತದೆ, ಉಳಿದ ಆಹಾರ ಕೊಳೆತ ನೀರನ್ನು ತಡೆಯುವುದಿಲ್ಲ. ಡಿಸೆಂಬರಿನ ಬೆಳಗಿನ ಚಳಿಗೆ ನೀರು 24 ಡಿಗ್ರಿಗಿಂತ ಇಳಿಯದಂತೆ ಹೀಟರೂ ಬೇಕು.

ಬಾಕಿ ಎಲ್ಲ ಸಣ್ಣ ಮಾತು. ತೊಟ್ಟಿಯ ಮೇಲೆ ಬಲೆಯ ಮುಚ್ಚಳವಿರಲಿ, ಬೆದರಿದ ಗೋಬಿ ಹಾರಿ ನೆಲಕ್ಕೆ ಬೀಳುತ್ತದೆ. ಬಂಡೆಯನ್ನು ಮರಳಿನ ಮೇಲಿಡದೆ ಗಾಜಿನ ತಳಕ್ಕೇ ಕೂರಿಸಿ, ಇಲ್ಲದಿದ್ದರೆ ಸಿಗಡಿ ಕೆಳಗೆ ತೋಡಿ ಬಂಡೆಯನ್ನು ತನ್ನ ಮೇಲೆಯೇ ಕೆಡವಿಕೊಳ್ಳುತ್ತದೆ. ತಿನ್ನಲು ಆರ್ಟೀಮಿಯ ಎಂಬ ಉಪ್ಪುನೀರಿನ ಕಿರುಸಿಗಡಿಯ ಮೊಟ್ಟೆಗಳನ್ನು ಉಪ್ಪುನೀರಿನ ಬಾಟಲಿಯಲ್ಲಿ ಒಂದೂವರೆ ದಿನ ಗಾಳಿಯಾಡಿಸಿ ಮರಿ ಮಾಡಬಹುದು. ಒಂದೇ ಜಾತಿಯ ಎರಡು ಗಂಡು ಗೋಬಿ ಒಂದೇ ತೊಟ್ಟಿಯಲ್ಲಿ ಹೊಂದುವುದಿಲ್ಲ. ಬೇಡವಾದ ಮೀನನ್ನು ಹೊಳೆಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಸಲ್ಲ. ಕಡಲ ಮೀನು ಸಿಹಿನೀರಿನಲ್ಲಿ ಸಾಯುತ್ತದೆ. ಸಿಹಿನೀರಿನ ಪರದೇಶಿ ಮೀನಾದರೆ ನಮ್ಮ ಮೀನನ್ನು ಸಾಯಿಸುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ತಂದೆತಾಯಿ ತೊಟ್ಟಿ ಬೇಡವೆನ್ನಬಹುದು. ಅದೂ ತಪ್ಪಲ್ಲ. ಹವಳದ ದಿಬ್ಬಗಳೇ ಈಗ ಕಷ್ಟದಲ್ಲಿವೆ. ಸಮುದ್ರ ಬಿಸಿಯೇರಿ ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳಿಚಿದವು, 2024ರಲ್ಲಿ ಮತ್ತೆ. ಆಸ್ಟ್ರೇಲಿಯದ ಲಿಜರ್ಡ್ ದ್ವೀಪದಲ್ಲಿ 2014, 2015ರ ಚಂಡಮಾರುತ ಮತ್ತು 2016, 2017ರ ಬಿಳಿಚುವಿಕೆಯ ನಂತರ ಗೋಬಿಯೋಡನ್‌ಗಳ ಸಂಖ್ಯೆ ತೀರ ಕುಸಿಯಿತು. ಮನೆ ಬಿದ್ದರೆ ಬಾಡಿಗೆದಾರ ಎಲ್ಲಿಗೆ ಹೋಗಬೇಕು?

ತೊಟ್ಟಿಯಿಲ್ಲದೆಯೂ ಗೋಬಿಯನ್ನು ನೋಡಬಹುದು. ನಮ್ಮ ಕರಾವಳಿಯಲ್ಲಿ ಭಟ್ಕಳದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಆದರೆ ಅಲ್ಲಿಗೆ ಮುಳುಗುವವರೇ ಹೋಗಬೇಕು. ಮಕ್ಕಳಿಗೆ ಸುಲಭವಾದದ್ದು ಸುರತ್ಕಲ್, ಕಾಪುವಿನಂಥ ಕಡೆಗಳ ಕಡಲಬಂಡೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ, ಮಳೆಗಾಲ ಮುಗಿದ ಮೇಲೆ, ಕಡಲು ಚೆನ್ನಾಗಿ ಇಳಿದ ಹೊತ್ತಿನಲ್ಲಿ, ಊರಿನ ಮೀನುಗಾರರನ್ನು ಕೇಳಿಕೊಂಡು ದೊಡ್ಡವರ ಜೊತೆ ಹೋಗಬೇಕು. ಬಂಡೆಯ ಗುಳಿಗಳಲ್ಲಿ ಉಳಿದ ನೀರಿಗೆ ನೆರಳು ಬೀಳದಂತೆ ಕುಳಿತು ಹತ್ತು ನಿಮಿಷ ಅಲ್ಲಾಡದಿದ್ದರೆ, ಕಲ್ಲೆಂದುಕೊಂಡಿದ್ದ ಒಂದು ಕಂದು ಚೂರು ಮೆಲ್ಲನೆ ನೆಗೆದು ಮುಂದಿನ ಕಲ್ಲಿನ ಮೇಲೆ ಕೂರುತ್ತದೆ, ನೆತ್ತಿಯ ಮೇಲಿನ ಎರಡು ಕಣ್ಣು ಹೊರಳಿಸಿ ಮೇಲೆ ನೋಡುತ್ತದೆ. ಅಷ್ಟು ದೂರ ಹೋಗಲಾಗದವರು ಬೇಸಿಗೆಯಲ್ಲಿ ನೀರು ಇಳಿದಾಗ ಕಾವೇರಿಯ ಮರಳ ದಂಡೆಯ ಅಂಚಿನಲ್ಲಿ ಹೀಗೆಯೇ ಕುಳಿತು ಅದೃಷ್ಟ ನೋಡಬಹುದು.